ನಿನ್ನ ಸೋಮವಾರ ಯಾವುದು?

ಸುಳ್ಳ ಗ್ರಾಮ
೪ ಆಗಸ್ಟ್ ೨೦೨೫, ಸೋಮವಾರ

ನನ್ನ ಡಾಕ್ಟರವ್ವ ಸೃಷ್ಟಿಗೆ ಅವ್ವನ ಆಶೀರ್ವಾದ.

ಇವತ್ತು ಶ್ರಾವಣ ಸೋಮವಾರ, ನನ್ನದು ಉಪವಾಸ. ಕೊಟ್ಟಿಗೆಯ ಸಗಣಿ ಬಳಿದು, ಹಿತ್ತಲಿನ ಪತ್ರಿ ಹರಿದು ದೇವರಿಗೆ ಏರಿಸಿ, ನಿಮ್ಮಪ್ಪನಿಗೆ ನಾಲ್ಕು ರೊಟ್ಟಿ ಬಡಿದಿಟ್ಟು ಈಗ ಕುಂತಿದ್ದೇನೆ. ಬರೆಯಲು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ "ಅವ್ವಾ, ಪೇಶಂಟ್ ಬಂದಾರ, ಇಡ್ತೇನಿ" ಎನ್ನುತ್ತೀ. ಕಾಗದ ಹಾಗಲ್ಲ. ನಿನಗೆ ಬಿಡುವಾಗುವ ತನಕ, ಇದರ ಜೊತೆ ಕಳಿಸುವ ಡಬ್ಬಿಯ ಮೇಲೆ ಸುಮ್ಮನೆ ಕಾಯುತ್ತದೆ.

ಕೆಂದಾಕಳು ಹೆಣ್ಣುಗರ ಹಾಕಿದೆ. ಟಂಟಂ ಗಾಡಿ ಓಡಿಸುವ ನಿಮ್ಮ ಗೌಸಮೊದ್ದೀನ ಕಾಕಾನ ಕೈಯಲ್ಲಿ ಗಿಣ್ಣ ಕಳಿಸುತ್ತಿದ್ದೇನೆ. ಹಂಚಿ ತಿನ್ನು ಎಂದು ಈ ಸಲ ಹೇಳುವುದಿಲ್ಲ, ಒಬ್ಬಳೇ ತಿನ್ನು. ನಿನ್ನ ಕೆನ್ನೆ ಒಳಗೆ ಹೋಗಿವೆ. ನನಗೆ ಹೇಗೆ ಗೊತ್ತಾಯಿತೆಂದು ಆಮೇಲೆ ಹೇಳುತ್ತೇನೆ.

ಬೆಳಿಗ್ಗೆ ಮಗ್ಗಲ ಹೊಲದ ಮೈಲಾರಿ ನಮ್ಮ ಎತ್ತು ಕೇಳಲು ಬಂದಿದ್ದ. "ಕಾಕಾ, ಮಳಿ ಬಿಟ್ಟೈತಿ. ಹತ್ತ್ಯಾಗ ಕಸ ಎದ್ದು ಕುಂತೈತಿ. ಇವತ್ತೊಂದ ದಿನ ಎಡಿ ಹೊಡ್ಕೊಂಡ ಬಿಡ್ತೇನಿ" ಅಂದ.

ನಿಮ್ಮಪ್ಪ ಅಂದರು: "ಸೋಮವಾರ ಬಸವಣ್ಣನ ಹೆಗಲ ಮ್ಯಾಲ ನೊಗ ಇಡೂದಿಲ್ಲಪಾ. ನಿಮ್ಮಪ್ಪ ನಿನಗ ಇಷ್ಟೂ ಕಲಿಸಿಲ್ಲೇನು?"

"ದುಪ್ಪಟ್ಟ ಬಾಡಿಗಿ ಕೊಡ್ತೇನ್ರಿ."

"ರೊಕ್ಕ ನನಗ ಕೊಡ್ತಿ. ನೋಯೂದು ಎತ್ತಿನ ಹೆಗಲಲ್ಲಾ?"

"ಹಂಗಾದ್ರ ಮುಂದಿನ ಜಲ್ಮದಾಗ ನಿಮ್ಮ ಮನಿ ಎತ್ತಾಗೇ ಹುಟ್ತೇನಿ ಬಿಡ್ರಿ" ಎಂದು ಮೈಲಾರಿ ನಗುತ್ತಾ ಚಹಾ ಕುಡಿದು ಹೋದ.

ಅವನು ಹೋದ ಮೇಲೆ ನಿಮ್ಮಪ್ಪ ಎತ್ತಿನ ಹೆಗಲಿಗೆ ಎಣ್ಣೆ ತಿಕ್ಕುತ್ತಾ, ನನ್ನ ಕಡೆ ನೋಡದೆ ಕೇಳಿದರು: "ನಮ್ಮ ಕೂಸಿನ ಸೋಮವಾರ ಯಾವತ್ತ?"

ನೀನು ದುಡಿಯುವ ಹುಬ್ಬಳ್ಳಿ ಇಲ್ಲೇ ಇದೆ. ಯುಗಾದಿಗೆ ಬಂದು ಹೋದವಳು ಮತ್ತೆ ಹೊಸ್ತಿಲು ತುಳಿದಿಲ್ಲ.

ನೀನು ಫೋನಿಗೆ ಕಳಿಸಿದ ಕೆಲಸದ ಹೊಸ ಕರಾರನ್ನು ನಮ್ಮೂರ ಸಾಲಿಯ ಕರುಣಾ ಟೀಚರ್ ಕನ್ನಡ ಮಾಡಿ ಓದಿದರು. ಪಗಾರ ಹೆಚ್ಚಿಸಿದ್ದಾರೆ. ಅದನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿದ್ದಾರೆ. ದುಡಿಮೆಯ ಹೊತ್ತು ಮಾತ್ರ "ಆಸ್ಪತ್ರೆಗೆ ಬೇಕಾದಷ್ಟು". ವಾರದ ರಜೆಯ ಮಾತೇ ಇಲ್ಲ. "ಇನ್ನೊಮ್ಮೆ ಓದ್ರಿ ಟೀಚರ್, ಎಲ್ಲೆರ ಮೂಲ್ಯಾಗ ಬರದಿರ್ತಾರ" ಅಂದೆ. ಪಾಪ, ಮತ್ತೆ ಓದಿದರು. ಇರಲಿಲ್ಲ.

ಗುರುವಾರ ಸಹಿ ಮಾಡಬೇಕು ಅಂದಿದ್ದೀ. "ಎಲ್ಲಾರೂ ಮಾಡಾಕತ್ತಾರವ್ವಾ, ನಾ ಒಬ್ಬಾಕಿ ಕೇಳಿದ್ರ ಹೊರಗ ಹಾಕ್ತಾರ" ಎಂದು ಅಂಜಿದೆ. ರೋಗಿಯ ಸೇವೆ ಬಿಡು ಎನ್ನುವ ಪಾಪ ನಾನು ಮಾಡಲಾರೆ. ಆದರೆ ನಿದ್ದೆಗೆಟ್ಟ ಕೈ ಸೂಜಿ ಹಿಡಿದರೆ ರೋಗಿಗೂ ಒಳ್ಳೆಯದಲ್ಲ. ದಿನಕ್ಕೆ ಇಷ್ಟು ಹೊತ್ತು, ವಾರಕ್ಕೆ ಒಂದು ದಿನ ಬಿಡುವು ಎಂದು ಬರೆಸಿಕೊಂಡ ಮೇಲೆಯೇ ಸಹಿ ಹಾಕು. ಜೊತೆಯ ಡಾಕ್ಟರ್ ಮಕ್ಕಳೆಲ್ಲ ಕೂಡಿ ಕೇಳಿರಿ. ಎಲ್ಲರೂ ಒಂದೇ ಮಾತು ಆಡಿದರೆ ಯಾರನ್ನೆಂದು ಹೊರಗೆ ಹಾಕಿಯಾರು? ಹಾಕಿದರೆ ಟಂಟಂ ಹತ್ತಿ ಮನೆಗೆ ಬಾ. ನೀನು ಹೊದೆಯುವ ಕೌದಿ ಬಿಸಿಲಿಗೆ ಹಾಕಿದ್ದೇನೆ.

ಬಸವಣ್ಣ ನಿನ್ನ ಹೆಗಲನ್ನೂ ಕಾಯಲಿ.

ನಿನ್ನ ಅವ್ವ,
ಸತ್ಯವ್ವ

ತಾ.ಕ.: ಹಿಂದಿನ ತಿಂಗಳು ನಿನ್ನ ಆಸ್ಪತ್ರೆಗೆ ಬಂದಿದ್ದೆ. ಕೆಮ್ಮು ಇತ್ತು, ಅದೇ ನೆಪ ಮಾಡಿ ಚೀಟಿ ಮಾಡಿಸಿದೆ. ನರ್ಸಬಾಯಿ ಮುಖಕ್ಕೆ ಮಾಸ್ಕ್ ಹಾಕಿಸಿದಳು. ನಿನ್ನ ಎದುರು ಕುಂತೆ. "ಎಷ್ಟ ದಿನ ಆತ್ರಿ ಕೆಮ್ಮ?" ಅಂದೆ ನೀನು. ಚೇಷ್ಟೆ ಮಾಡುತ್ತಿದ್ದೀ ಎಂದು ನನಗೆ ನಗು ಬಂತು. ಬೆನ್ನ ಮೇಲೆ ಕೈ ಇಟ್ಟು "ಉಸರ ತಗೋರಿ ಅಮ್ಮಾರ" ಅಂದೆ. ಚೀಟಿಯಲ್ಲಿ ಹೆಸರು ಸತ್ಯವ್ವ, ಊರು ಸುಳ್ಳ ಎಂದು ಇತ್ತು. ನಿನ್ನ ಕಣ್ಣು ತೆರೆದೇ ಇದ್ದವು ಮಗಳೆ, ಅವುಗಳ ಒಳಗೆ ನೀನು ಇರಲಿಲ್ಲ. "ಮುಂದಿನವರನ್ನ ಕಳಸ್ರಿ" ಅಂದೆ. ನಾನು ಎದ್ದು ಬಂದೆ. ಮಾಸ್ಕ್ ತೆಗೆದಿದ್ದರೆ ನಿನಗೆ ಎಷ್ಟು ನೋವಾಗುತ್ತಿತ್ತೋ, ತೆಗೆಯಲಿಲ್ಲ. ನಿಮ್ಮಪ್ಪನಿಗೂ ಹೇಳಿಲ್ಲ. ನಿನ್ನ ಔಷಧ ಛಲೋ ನಾಟಿದೆ, ಕೆಮ್ಮು ನಿಂತಿದೆ.

ಸಂಜೆ ಖಾಲಿ ಡಬ್ಬಿಯ ಜೊತೆ ನಿನ್ನ ಉತ್ತರ ಇಸಿದುಕೊಂಡು ಬಾ ಎಂದು ಗೌಸಮೊದ್ದೀನನಿಗೆ ಹೇಳಿದ್ದೇನೆ. ಮಲಗಿದ್ದರೆ ಎಬ್ಬಿಸಬೇಡ, ನಾಳೆ ಮತ್ತೆ ಹೋಗಿ ತಾ ಎಂದೂ ಹೇಳಿದ್ದೇನೆ.