ಮುಕ್ತಾಬಾಯಿಯ ಹೆಸರಿನ ಬಾಟಲಿ

ಸೊಲ್ಲಾಪುರ, ೧೮ ಸೆಪ್ಟೆಂಬರ್ ೧೯೫೭

ಔಷಧದ ಮಂಜೂರಾತಿಗೆ ರುಜು ಹಾಕುವ ಮಾನ್ಯ ಅಧಿಕಾರಿಗಳೇ,

ನನ್ನ ಮಗಳು ಮುಕ್ತಾಬಾಯಿಗೆಂದು ತಾವು ಮಂಜೂರು ಮಾಡಿದ ಔಷಧ ಹೋದ ಸೋಮವಾರ ಬಂದು ತಲುಪಿತು. ಮುಕ್ತಾ ಅದಕ್ಕೂ ಹನ್ನೊಂದು ದಿನ ಮೊದಲೇ ತೀರಿಕೊಂಡಳು. ತಡವಾಯಿತೆಂದು ಜಗಳವಾಡಲು ನನ್ನಲ್ಲಿ ಈಗ ತ್ರಾಣವಿಲ್ಲ. ಆದರೆ ಆ ಬಾಟಲಿ ದವಾಖಾನೆಯ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕುಳಿತಿದೆ. ಅವಳ ಪಕ್ಕದ ಮಂಚದಲ್ಲಿ ಅದೇ ರೋಗದ ಇನ್ನೊಂದು ಮಗು ಮಲಗಿದೆ. ಅದಕ್ಕಾಗಿ ಬರೆಯುತ್ತಿದ್ದೇನೆ. ಪತ್ರಿಕೆಯಲ್ಲೇ ಏಕೆ ಬರೆಯುತ್ತಿದ್ದೇನೆಂದರೆ, ಅಚ್ಚಾದದ್ದನ್ನು ಮೊಹರು ಸರಿಯಿಲ್ಲವೆಂದು ತಾವು ಮರಳಿ ಕಳಿಸುವಂತಿಲ್ಲ.

ನಾನು ಹುಲೆಪ್ಪ. ಊರು ಅಕ್ಕಲಕೋಟೆ ತಾಲೂಕಿನ ಹನ್ನೂರ; ಕುರಿ ಕಾಯುವವರ ಮನೆತನ. ಹೊಟ್ಟೆಪಾಡಿಗೆ ಇಲ್ಲಿನ ಗಿರಣಿಯಲ್ಲಿ ಮಗ್ಗ ನಡೆಸುತ್ತೇನೆ. ಆರು ವರ್ಷದ ಮುಕ್ತಾಳಿಗೆ ಮೂತ್ರಪಿಂಡದ ಬೇನೆಯಿಂದ ಮೈ ಬಾತುಕೊಳ್ಳುತ್ತಿತ್ತು. ಹೊಸದಾಗಿ ಬಂದ ಗುಳಿಗೆ ಕೊಟ್ಟರು. ಬಾವು ಇಳಿಯಿತು, ಕೆನ್ನೆ ಗುಂಡಗಾದವು. ಹುಡುಗಿ ಮೈ ತುಂಬಿಕೊಂಡಳೆಂದು ಊರೆಲ್ಲ ಸಂತೋಷಪಟ್ಟಿತು. ನಾನೂ ಪಟ್ಟೆ. ಆಮೇಲೆ ನಾಲಿಗೆಯ ಮೇಲೆ ಮೊಸರಿನ ಕೆನೆಯಂತೆ ಬಿಳಿ ಕಟ್ಟತೊಡಗಿತು.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಮಗುವಿಗೆ ಕಾಯಿಲೆಯಾದರೆ ಬೀರಪ್ಪನ ಭಂಡಾರವನ್ನು, ಅಂದರೆ ದೇವರ ಅರಿಶಿನವನ್ನು, ನಾಲಿಗೆಗೆ ಹಚ್ಚುತ್ತೇವೆ. ಮರುದಿನದವರೆಗೆ ಬಾಯಿ ಮುಕ್ಕಳಿಸಲು ಬಿಡುವುದಿಲ್ಲ. ನನ್ನ ಹೆಂಡತಿ ರಖಮಾಬಾಯಿ ಪ್ರತಿಸಲವೂ ಭಂಡಾರ ಹಚ್ಚಿಯೇ ಮಗುವನ್ನು ಡಾಕ್ಟರ ಬಳಿಗೆ ಹೊರಡಿಸಿದಳು. ಊರ ಕಡೆಯ ಡಾಕ್ಟರು ಮೂರು ಸಲ ಬಾಯಿ ತೆರೆಸಿದರು, ಮೂರು ಸಲವೂ ಹಳದಿ ಕಂಡು ಬೈದು ಕಳಿಸಿದರು. ಹಳದಿಯ ಕೆಳಗೇನಿದೆಯೆಂದು ಅವರು ಒರೆಸಿ ನೋಡಲಿಲ್ಲ, ನಾನೂ ಹೇಳಲಿಲ್ಲ. ದೊಡ್ಡವರು ಬೈಯುವಾಗ ನಡುವೆ ಬಾಯಿ ಹಾಕಬಾರದೆಂದು ಕಲಿತವನು ನಾನು. ಆ ಕಲಿಕೆಗಿಷ್ಟು ಬೆಂಕಿ ಬೀಳಲಿ.

ಸೊಲ್ಲಾಪುರದಲ್ಲಿ ಎಳೆ ವಯಸ್ಸಿನ ಡಾಕ್ಟರೊಬ್ಬರು ಒರೆಸಿ, ಕೆರೆದು, ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು. "ಹುಲೆಪ್ಪನವರ, ಇದು ಒಂದು ನಮೂನಿ ಬೂಷ್ಟ್ ರೀ. ನಿಮ್ಮ ಬಾಯಾಗೂ ಇರ್ತದ, ನನ್ನ ಬಾಯಾಗೂ ಇರ್ತದ. ಗಟ್ಟಿ ಮೈಯಾಗ ಸುಮ್ಮನ ಕುಂತಿರ್ತದ. ಈ ಕೂಸಿನ ಮೈಯಾಗ ಅದನ್ನ ತಡಿಯೋ ಶಕ್ತಿ ಉಳದಿಲ್ಲ. ಆ ಶಕ್ತಿನ ಬ್ಯಾನಿನೂ ತಿಂದದ, ನಾವು ಕೊಟ್ಟ ಗುಳಿಗಿನೂ ತಿಂದದ," ಎಂದರು. ಬೂಷ್ಟು ಗಂಟಲಿನಿಂದ ಕೆಳಗಿಳಿಯುವ ಮೊದಲು ಮುಂಬಯಿಯಿಂದ ಹೊಸ ಔಷಧ ತರಿಸಬೇಕೆಂದು ಅಂದೇ ತಮಗೆ ಬರೆದರು.

ತಾವೇನು ಉತ್ತರಿಸಿದಿರಿ? ಅಚ್ಚಾದ ಪಟ್ಟಿಯಲ್ಲಿ ಈ ರೋಗದ ಹೆಸರಿಲ್ಲ, ಇದು ಅಪರೂಪದ್ದು, ಹೆಚ್ಚಿನ ವಿವರ ಕಳಿಸಿರಿ ಎಂದು. ಅಪರೂಪ! ಮಾನ್ಯರೇ, ನನಗಿದ್ದವಳೂ ಒಬ್ಬಳೇ. ವಿವರ ಹೋಯಿತು. ಮೊಹರು ಸರಿಯಾಗಿ ಮೂಡಿಲ್ಲವೆಂದು ಮರಳಿ ಬಂತು. ಮತ್ತೆ ಹೋಯಿತು. ಅಷ್ಟರಲ್ಲಿ ಅವಳಿಗೆ ಗುಟುಕು ನೀರು ನುಂಗಲೂ ಆಗದಾಯಿತು. ತಮ್ಮ ಪಟ್ಟಿಯಲ್ಲಿಲ್ಲದ ರೋಗ ಮಗುವಿನ ಗಂಟಲಿಗೆ ಇಳಿಯುವಾಗ ಯಾರ ಮಂಜೂರಾತಿಗೂ ಕಾಯಲಿಲ್ಲ ನೋಡಿ.

ಮೊನ್ನೆ ಅವಳ ಬಟ್ಟೆ ತರಲು ಹೋಗಿದ್ದೆ. ಪಕ್ಕದ ಮಂಚದಲ್ಲಿರುವವಳು ಸುಗಲಾ, ಮಂಗಳವೇಢೆ ಕಡೆಯ ಐದು ವರ್ಷದ ಹುಡುಗಿ. ದಡಾರ ಬಂದು ಹೋದ ಮೇಲೆ ಬರೀ ಎಲುಬು ಉಳಿದಿದೆ. ಬಾಯಲ್ಲಿ ಅದೇ ಬಿಳಿ. ಅವಳ ತಾಯಿ ಭಾಗಾಬಾಯಿ ನನ್ನನ್ನು ತಡೆದು ನಿಲ್ಲಿಸಿದಳು.

"ಅಣ್ಣಾ, ಔಷಧ ಕಪಾಟಿನ್ಯಾಗ ಐತಂತ್ರಿ. ನಿಮ್ಮ ಮಗಳ ಹೆಸರೀಲೆ ಬಂದೈತಿ, ಬ್ಯಾರೆಯವರಿಗೆ ಕೊಡಾಕ ಬರಂಗಿಲ್ಲ, ಹೊಸಾ ಅರ್ಜಿ ಹಾಕ್ರಿ ಅಂತಾರ. ನೀವರೆ ಒಂದು ಮಾತು ಹೇಳ್ರಿ."

ಕಾರಕೂನರನ್ನು ಕೇಳಿದೆ. "ಕಾಯದಾ ಹಂಗ ಐತಿ. ಸಾಹೇಬರ ಸಹಿ ಬೇಕ್ರಿ," ಎಂದರು. ಹೊಸ ಅರ್ಜಿ ಎಷ್ಟು ದಿನ ತಿರುಗುತ್ತದೆಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆದ್ದರಿಂದ ಇದನ್ನೇ ನನ್ನ ಒಪ್ಪಿಗೆಪತ್ರವೆಂದು ತಿಳಿಯಿರಿ. ಈ ಪತ್ರಿಕೆ ಕೈಸೇರಿದ ದಿನವೇ ಕಪಾಟಿನ ಬೀಗ ತೆಗೆಸಿರಿ. ಹೆಸರು ಬದಲಿಸಲು ಕಾಯದೆ ಒಪ್ಪದಿದ್ದರೆ ಬದಲಿಸಬೇಡಿ. ರಿಜಿಸ್ಟರಿನಲ್ಲಿ ಮುಕ್ತಾಬಾಯಿ ಎಂದೇ ಇರಲಿ, ಔಷಧವನ್ನು ಸುಗಲಾ ಕುಡಿಯಲಿ. ಅವಳು ಬದುಕಿ ಊರಿಗೆ ಹೊರಟ ದಿನ, ಮುಕ್ತಾಬಾಯಿ ಗುಣವಾಗಿ ಮನೆಗೆ ಹೋದಳು ಎಂದು ಬರೆದುಬಿಡಿ. ನಾನು ತಕರಾರು ಮಾಡುವುದಿಲ್ಲ.

ಇಂತಿ,
ಬಾಟಲಿಯ ಮೇಲೆ ಮಾತ್ರ ಉಳಿದ ಹೆಸರಿನ ತಂದೆ,
ಹುಲೆಪ್ಪ, ಹನ್ನೂರ