ಎಡಗೈ ಕತ್ತರಿ

ಲಿಂಗರಾಜಪುರ, ಬೆಂಗಳೂರು
14 ಜುಲೈ 2024

ಪ್ರೀತಿಯ ಸುಪ್ರೀತಾ,

ನಿನ್ನ ಸೊಂಟನೋವು ಕಡಿಮೆಯಾಯಿತೇ? ಇಡೀ ದಿನ ಹೊಲಿಗೆ ಮಷೀನಿನ ಮುಂದೆ ಕೂರಬೇಡ. ನಮ್ಮಕ್ಕ, ಅದೇ ನಿಮ್ಮವ್ವ, ಈಗಲೂ ಚಹಾಕ್ಕೆ ಕದ್ದು ಸಕ್ಕರೆ ಹಾಕಿಕೊಳ್ಳುತ್ತಾಳೆಯೇ? ಈಗ ಬರೆಯುವುದನ್ನು ಫೋನಿನಲ್ಲಿ ಹೇಳಿದರೆ ನೀನು ನಗುವುದು ಕೇಳಿಸುತ್ತದೆ, ಅದಕ್ಕೇ ಈ ಕಾಗದ.

ಇಲ್ಲಿನ ಸಮುದಾಯ ಕಾಲೇಜಿನಲ್ಲಿ ನಾನು ಸಂಜೆ ಹೊಲಿಗೆ ಕಲಿಸುತ್ತಿರುವುದು ನಿನಗೆ ಗೊತ್ತೇ ಇದೆ. ಏಳನೇ ಇಯತ್ತೆಯಷ್ಟೇ ಓದಿದ ಈ ನಿನ್ನ ಮಾಮಾ ಹುಲಿಗೆಪ್ಪನನ್ನು ಎಲ್ಲರೂ ಸರ್ ಅನ್ನುತ್ತಾರೆ. ಊರಿನಲ್ಲಿ ಸ್ವಲ್ಪ ಜೋರಾಗಿಯೇ ಹೇಳು. ನಿನ್ನೆ ನಮ್ಮಂಥ ಅರೆಕಾಲಿಕ ಮೇಷ್ಟ್ರುಗಳಿಗೆ ತರಬೇತಿ ಇಟ್ಟಿದ್ದರು. ಕಲಿಸುವುದನ್ನು ನನಗೆ ಕಲಿಸುತ್ತಾರಂತೆ! ಕಣ್ಣಿಗೆ ಬಟ್ಟೆ ಕಟ್ಟಿದರೂ ರವಿಕೆಯ ಕೊರಳು ಕತ್ತರಿಸಬಲ್ಲೆ ಎಂದು ಚಹಾದ ಹೊತ್ತಿಗೇ ಸಾರಿಬಿಟ್ಟಿದ್ದೆ. ತರಬೇತಿ ಕೊಡಲು ಬಂದಿದ್ದ ಪ್ರಿಯದರ್ಶಿನಿ ಮೇಡಂ, "ಕಣ್ಣು ಬಿಟ್ಕೊಂಡೇ ಕತ್ತರಿಸಿ ಸರ್, ಆದ್ರೆ ಎಡಗೈಲಿ," ಎಂದರು. ಹೊಸದಾಗಿ ಕಲಿಯುವವರ ಕಷ್ಟ ತಿಳಿಯಲೆಂದು ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಅಭ್ಯಾಸವಿಲ್ಲದ ಕೈಯಲ್ಲಿ ಮಾಡಬೇಕಿತ್ತು.

ಬಲಗೈಗೆಂದು ಮಾಡಿದ ಕತ್ತರಿ ಎಡಗೈಯಲ್ಲಿ ಬಟ್ಟೆಯನ್ನು ಮಡಚಿತೇ ಹೊರತು ಕತ್ತರಿಸಲಿಲ್ಲ. ಕಂಪ್ಯೂಟರ್ ಕಲಿಸುವ ವಾಜಿದಾ ಮೇಡಂ ಇಣುಕಿ, "ಏನ್ ಮಾಸ್ಟರೇ, ಇಲಿ ಕಡಿದಂಗಿದೆ!" ಎಂದರು. ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ. ಆದರೆ ಅದು ನನ್ನದೇ ಮಾತು. ನನ್ನ ತರಗತಿಯಲ್ಲಿ ಕಾವೇರಿ ಎಂಬ ಹುಡುಗಿಯಿದ್ದಾಳೆ, ಎಲ್ಲ ಕೆಲಸವನ್ನೂ ಎಡಗೈಯಲ್ಲೇ ಮಾಡುವವಳು. ಹೋದ ವಾರ ಅವಳು ಕತ್ತರಿಸಿದ ಬಟ್ಟೆಯನ್ನು ಎಲ್ಲರಿಗೂ ಎತ್ತಿ ತೋರಿಸಿ, "ಏನವ್ವಾ, ಇಲಿ ಕಡದಾವೇನು?" ಅಂದಿದ್ದೆ. ತರಗತಿಯೆಲ್ಲ ನಕ್ಕಿತು, ನಾನು ಬಲು ತಮಾಷೆಯ ಮೇಷ್ಟ್ರು ಎಂದುಕೊಂಡೆ. ಅವಳೂ ನಕ್ಕಿದ್ದಳು, ನಿನ್ನೆ ನಾನು ನಕ್ಕ ಹಾಗೆಯೇ. ಆಮೇಲೆ ಬಂದೇ ಇಲ್ಲ.

ಇಂದು ಬೆಳಿಗ್ಗೆ ಅವಳ ಬಾಗಿಲವರೆಗೆ ಹೋದೆ. ತಟ್ಟಲು ಮುಖವಿಲ್ಲದೆ, ಪಕ್ಕದ ಗಾಡಿಯಲ್ಲಿ ಮೆಂತ್ಯ ಸೊಪ್ಪು ಕೊಂಡು ವಾಪಸ್ ಬಂದೆ.

ಅಕ್ಕನಿಗೆ ನನ್ನ ನಮಸ್ಕಾರ. ನಿನ್ನ ಕೈಗೆ ಸದಾ ಕೆಲಸವಿರಲಿ.

ನಿನ್ನ ಮಾಮಾ,
ಹುಲಿಗೆಪ್ಪ

ಬರೆಯಲು ಮರೆತಿದ್ದೆ: ನೀನೂ ಕಾವೇರಿಯಂತೆ ಎಡಗೈಯಲ್ಲೇ ಕತ್ತರಿಸುವವಳು, ಆದರೂ ಸಿಂಧನೂರಿನಲ್ಲಿ ನಿನ್ನಂತೆ ರವಿಕೆ ಹೊಲಿಯುವವರಿಲ್ಲ. ನಿನಗೆ ಕಲಿಸಿದ್ದು ನಾನೇ ಎಂದು ಇಲ್ಲಿ ಎಲ್ಲರ ಮುಂದೆ ಹೇಳಿಕೊಂಡಿದ್ದೇನೆ; ಕಲಿಸಿದ್ದು ಅಕ್ಕ. ಅವಳು ನಿನ್ನ ಪಕ್ಕದಲ್ಲಿ ಕೂರದೆ ಎದುರಿಗೆ ಕೂತು, ಕನ್ನಡಿಯಲ್ಲಿ ಕಾಣುವಂತೆ ತೋರಿಸುತ್ತಿದ್ದಳಲ್ಲವೇ? ಹೇಗೆಂದು ಅವಳನ್ನು ಕೇಳಿ ಬರೆ. ನಿನ್ನ ಎಡಗೈ ಕತ್ತರಿ ಎಲ್ಲಿ ಸಿಕ್ಕಿತು ಎಂಬುದನ್ನೂ ಬರೆ. ಉತ್ತರ ಬಂದ ಸಂಜೆಯೇ ಕಾವೇರಿಯ ಬಾಗಿಲು ತಟ್ಟುತ್ತೇನೆ. ಇದನ್ನೆಲ್ಲ ಹೇಳಿಕೊಟ್ಟವರು ಯಾರು ಎಂದು ಅವಳು ಕೇಳಿದರೆ, ಈ ಸಲ ಅಕ್ಕನ ಹೆಸರನ್ನೇ ಹೇಳುತ್ತೇನೆ.