ಜಲಪಾತ ಕೊನೆಗಿರಲಿ

ಮಂಗಳವಾರ, ಜುಲೈ ೯

ನನ್ನ ಉದ್ದಜಡೆಗೆ,

ಹೇಗಿದ್ದೀಯೆ? ಮಂಡಿನೋವು ಕಡಿಮೆಯಾಯಿತಾ? ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು, ನಾನು ಉತ್ತರ ಬರೆಯಲಿಲ್ಲ. ಬೈಯಬೇಕೆನಿಸಿದರೆ ಬೈದುಬಿಡು. ಬರೆಯೋಕೆ ಕೂತಾಗೆಲ್ಲ "ನಾವೆಲ್ಲ ಕ್ಷೇಮ" ಅನ್ನೋ ಮೊದಲ ಸಾಲಲ್ಲೇ ಪೆನ್ನು ಮುಚ್ಚಿ ಎದ್ದುಬಿಡ್ತೀನಿ. ಇವತ್ತು ಆ ಸಾಲನ್ನ ಬಿಟ್ಟೇ ಬರೀತಿದ್ದೀನಿ.

ನಾವು ದಕ್ಷಿಣಕ್ಕೆ ಪ್ರವಾಸ ಹೊರಟಿದ್ದೀವಿ ಕಣೆ. ನೀನು ಅಷ್ಟು ವರ್ಷ ಟೀಚರಾಗಿದ್ದೆಯಲ್ಲ, ಅದೇ ರಾಜ್ಯಕ್ಕೆ. ಜಲಪಾತ, ಕಾಡು, ಕೆತ್ತನೆ ಕಲ್ಲುಗಳ ಹಳೇ ಊರು, ಆಮೇಲೆ ಸಮುದ್ರ. ಮುಂದಿನ ಬಾಗಿಲಲ್ಲಿ ಕತ್ತರಿ ಹಿಡಿದ ಗಂಡ, ಹಿಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ತುಳಿಯೋ ಹೆಂಡತಿ, ಇವರಿಗೆಲ್ಲಿಯ ಪ್ರವಾಸ ಅಂತ ನಿನಗನ್ನಿಸಬಹುದು.

ನಮ್ಮವರ ಕ್ಷೌರದಂಗಡಿಯಲ್ಲಿ ಈಗ ಇದೇ ಮಾತು. ಕುರ್ಚಿಯಲ್ಲಿ ಕೂತವರ ಮುಖಕ್ಕೆ ನೊರೆ ಹಚ್ಚುತ್ತಾ "ಆ ಕಡೆ ಹೋಗಿದ್ದೀರಾ ಸ್ವಾಮಿ?" ಅಂತ ಇವರು ಶುರುಮಾಡುತ್ತಾರೆ. ಸಲಹೆಗೇನು ಬರ? ರಿಟೈರಾದ ಪೋಸ್ಟ್‌ಮಾಸ್ಟರು "ಈಗ ಹೋದ್ರೆ ಜಲಪಾತ ಕಾಣಲ್ಲ, ಬರೀ ಮಂಜು" ಅಂದರು. ಔಷಧಿ ಅಂಗಡಿಯವನಂತೂ ಕಾಡಲ್ಲಿ ಹುಲಿ ನೋಡದೆ ಬಂದರೆ ಹೋಗಿದ್ದೇ ದಂಡ ಅಂತ ತೀರ್ಪು ಕೊಟ್ಟ. "ನೀವು ನೋಡಿದ್ರಾ?" ಅಂದರು ಇವರು. "ಹೆಜ್ಜೆ ಗುರುತು ನೋಡಿದೆ. ಅದೂ ನಾಯೀದು ಅಂದ ಡ್ರೈವರು." ಅಂಗಡಿ ತುಂಬ ನಗು. ಪರದೆಯ ಈಚೆ ಕಾಲರಿಗೆ ಸೂಜಿ ಹಾಕುತ್ತಿದ್ದ ನಾನು, ಆ ನಗುವಿನಲ್ಲಿ ಇವರ ದನಿ ಇದೆಯಾ ಅಂತ ಕಿವಿಗೊಟ್ಟೆ. ಇರಲಿಲ್ಲ.

ಯಾರಿಗೂ ಹೇಳಿಲ್ಲ, ನಿನಗೆ ಹೇಳ್ತೀನಿ. ನಮ್ಮ ಗುಬ್ಬಿ ಮನೆಗೆ ಬಂದಿಲ್ಲ.

ಹೊಸ ಕೆಲಸಕ್ಕೆ ಸೇರೋ ಮೊದಲು ಒಬ್ಬಳೇ ತಿರುಗಾಡಿ ಬರ್ತೀನಿ ಅಂತ ಹಟ ಹಿಡಿದಳು. ಬೆಳೆದ ಮಗಳನ್ನ ಎಷ್ಟಂತ ಕಟ್ಟಿಹಾಕೋದು? ಎಲ್ಲಿಂದ ಎಲ್ಲಿಗೆ ಅಂತ ಅವಳೇ ಗೊತ್ತುಮಾಡಿಕೊಂಡಿದ್ದಳು. ಕೊನೆಗೆ ಸಮುದ್ರದ ದಂಡೆಯಲ್ಲಿ ಸೋಮಾರಿ ಹಾಗೆ ಬಿದ್ದುಕೊಳ್ತೀನಮ್ಮ ಅಂದಿದ್ದಳು. ಜಲಪಾತದ ಹತ್ತಿರದಿಂದ ಫೋನ್ ಮಾಡಿ, "ಈ ನೀರಿನ ಸದ್ದಿಗೆ ನಿನ್ನ ಮಾತೇ ಕೇಳಿಸ್ತಿಲ್ಲ, ರೂಮಿಗೆ ಹೋಗಿ ಮಾಡ್ತೀನಿ" ಅಂದಳು. ಮಾಡಲಿಲ್ಲ. ರೂಮಿಗೂ ಮರಳಿಲ್ಲ.

ಇವರು ಆವಾಗಲೇ ಓಡಿದರು. ಅಲ್ಲಿನ ಠಾಣೆಯ ಬೆಂಚಿನ ಮೇಲೆ ಕೂತೂ ಕೂತೂ, ಲಾಡ್ಜಿನವರು ಕೊಟ್ಟ ಅವಳ ಚೀಲ ಹಿಡಿದುಕೊಂಡು ವಾಪಸ್ ಬಂದರು. "ಪ್ರಾಯದ ಹುಡುಗಿ, ಯಾರ ಜೊತೆಗೋ ಹೋಗಿರ್ತಾಳೆ, ತಾನೇ ಬರ್ತಾಳೆ" ಅಂದರಂತೆ ಪೊಲೀಸರು. ಅವರ ಬಾಯಿಗೆ ಸಕ್ಕರೆ ಬೀಳಲಿ ಅಂದುಕೊಂಡೆ ಗೊತ್ತಾ? ಯಾರ ಜೊತೆಗಾದರೂ ಹೋಗಿರಲಿ, ಎಂಥವನ ಜೊತೆಗಾದರೂ. ಹೆತ್ತವಳು ಬೇಡಿಕೊಳ್ಳೋ ಮಾತಾ ಇದು?

ಬೀದಿಯವರಿಗೆ ಅವಳು ಕೆಲಸಕ್ಕೆ ಸೇರಿದಳು ಅಂತ ಹೇಳಿದ್ದೀವಿ. ಪಕ್ಕದ ಮನೆಯಾಕೆ ಸಿಹಿ ಎಲ್ಲಿ ಅಂತ ಕೇಳಿದಳು, ಕೊಟ್ಟೆ.

ಅದಕ್ಕೇ ಈ ಪ್ರವಾಸ. ಅವಳು ಅಂದುಕೊಂಡಿದ್ದ ದಾರಿಯಲ್ಲೇ ನಾವೂ ಹೋಗ್ತೀವಿ. ಜಲಪಾತದಲ್ಲಿ ಟಿಕೆಟ್ ಕೊಡೋರು, ಕಾಡಿನ ಜೀಪಿನವರು, ಕೆತ್ತನೆ ಮುಂದೆ ಫೋಟೋ ತೆಗೆಯೋರು, ದೋಣಿಯವರು, ಯಾರನ್ನೂ ಬಿಡದೆ ಕೇಳಬೇಕು. ನಮ್ಮಿಬ್ಬರಿಗೂ ಆ ಭಾಷೆಯ ಗಂಧಗಾಳಿ ಇಲ್ಲ. ಫೋಟೋ ಹಿಡಿದು ಮೂಕರ ಹಾಗೆ ನಿಲ್ಲಬೇಕು. ನೀನು ಬಾರೆ, ನಿನ್ನ ಕಾಲಿಗೆ ಬೀಳ್ತೀನಿ. ಮುಂದಿನ ವಾರದ ರೈಲು ನಿಮ್ಮೂರ ಮೇಲೇ ಹೋಗುತ್ತೆ. ಮಂಡಿ ಅನ್ನಬೇಡ, ಹೊತ್ತುಕೊಂಡು ನಡೀತೀನಿ. "ಇವಳನ್ನ ನೋಡಿದ್ರಾ" ಅನ್ನೋದಕ್ಕೆ ಅಲ್ಲಿ ಏನಂತಾರೆ? ಅದನ್ನಾದರೂ ಬರೆದು ಕಳಿಸು, ಬಾಯಿಪಾಠ ಮಾಡ್ತೀನಿ. ಫೋನಲ್ಲಿ ಮಾತ್ರ ಕೇಳಬೇಡ. ನಿನ್ನ ದನಿ ಕೇಳಿದರೆ ನಾನು ಅತ್ತುಬಿಡ್ತೀನಿ, ಪರದೆ ಆಚೆ ಗಿರಾಕಿಗಳಿರ್ತಾರೆ.

ನಿನ್ನ ಮೊಮ್ಮಗಳಿಗೆ ನನ್ನ ಮುತ್ತು. ನಿನ್ನ ಮನೆಯಿಂದ ಹೊರಟವರೆಲ್ಲ ಕತ್ತಲಾಗೋ ಮೊದಲು ಮನೆ ಸೇರಲಿ. ಇದಕ್ಕಿಂತ ದೊಡ್ಡ ಹಾರೈಕೆ ನನಗೀಗ ಹೊಳೆಯುತ್ತಿಲ್ಲ.

ನಿನ್ನ,
ಶಾಲೆ ಬೆಂಚಿನ ಪಕ್ಕದವಳು

ಮರೆತದ್ದಲ್ಲ, ಈಗ ಆದದ್ದು: ಪತ್ರ ಅಂಟಿಸೋ ಹೊತ್ತಿಗೆ ಅಂಗಡಿಗೆ ಫೋನ್ ಬಂತು. ಅರ್ಧ ಗಡ್ಡ ಹೆರೆದ ಗಿರಾಕಿಯನ್ನ ಹಾಗೇ ಕೂರಿಸಿ ಇವರು ಒಳಗೆ ಬಂದರು. "ಯಾರದು?" ಅಂದೆ. "ರಾಂಗ್ ನಂಬರು." ನಿಂತೇ ಇದ್ದರು. ಆಮೇಲೆ ಮಿಷನ್ನಿನ ಕಡೆ ನೋಡುತ್ತಾ, "ಗುಬ್ಬಿಗೆ ಎಡ ಮೊಣಕೈ ಹತ್ತಿರ ಒಂದು ಕಲೆ ಇತ್ತಲ್ವಾ, ಇಸ್ತ್ರಿಪೆಟ್ಟಿಗೆ ತಾಗಿದ್ದು?" ಅಂದರು. ಇತ್ತಲ್ವಾ ಅಂದರು ಕಣೆ, ಇದೆಯಲ್ವಾ ಅನ್ನಲಿಲ್ಲ. ನಾನು "ಇಲ್ಲ, ಅಂಥ ಕಲೆ ಯಾವುದೂ ಇಲ್ಲ" ಅಂದೆ. ಇವರು ತುಂಬ ಹೊತ್ತು ತಲೆಯಾಡಿಸಿದರು. "ಹಾಗಾದ್ರೆ ಅವಳಲ್ಲ ಬಿಡು. ಸಮುದ್ರದಿಂದ ಶುರುಮಾಡೋಣ. ಜಲಪಾತ ಕೊನೆಗಿರಲಿ" ಅಂತ ಹೇಳಿ ಹೊರಗೆ ಹೋಗಿ ಉಳಿದ ಗಡ್ಡ ಹೆರೆದರು. ಆ ಕೈ ಸುಟ್ಟ ದಿನ ಅವಳನ್ನ ಎತ್ತಿಕೊಂಡು, ಬರಿಗಾಲಲ್ಲಿ ಡಾಕ್ಟರ ಹತ್ತಿರ ಓಡಿದ್ದು ಇವರೇ.